ರಸ್ತೆಯ ಬಲ ಇರುವುದು ಕೆಳಗಿನ ಮಣ್ಣಿನಲ್ಲಿ



ರಸ್ತೆ ಕೆಟ್ಟಾಗ ನಾವು ಡಾಂಬರನ್ನೇ ದೂರುತ್ತೇವೆ. ಆದರೆ ಲಾರಿಯ ಭಾರ ಡಾಂಬರು, ಜಲ್ಲಿಗಳನ್ನು ದಾಟಿ ಕೊನೆಗೆ ಬೀಳುವುದು ಮಣ್ಣಿನ ಮೇಲೆ. ಮಣ್ಣು ನೀರು ಕುಡಿದು ಮೆತ್ತಗಾದರೆ ಮೇಲ್ಪದರ ಬಾಗಿ ಬಿರುಕು ಬಿಡುತ್ತದೆ. ಬಿರುಕಿನಿಂದ ಮತ್ತೆ ನೀರು ಇಳಿಯುತ್ತದೆ. ಗುಂಡಿ ಹುಟ್ಟುವುದು ಹೀಗೆ.

ಶೀತ ದೇಶಗಳಲ್ಲಿ ಮಣ್ಣೊಳಗಿನ ನೀರು ಚಳಿಗಾಲದಲ್ಲಿ ಹೆಪ್ಪುಗಟ್ಟಿ ರಸ್ತೆಯನ್ನೇ ಮೇಲೆತ್ತುತ್ತದೆ. ವಸಂತದಲ್ಲಿ ಮೇಲಿನ ಮಂಜು ಮೊದಲು ಕರಗಿ, ಕೆಳಗಿನ ಮಂಜಿನಿಂದಾಗಿ ಇಂಗಲಾಗದೆ ನೀರು ನಿಲ್ಲುತ್ತದೆ. ಆ ಕೆಲವು ವಾರ ರಸ್ತೆ ಬಹಳ ದುರ್ಬಲ. ಆದ್ದರಿಂದ ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ ಆಗ ಲಾರಿಗಳ ಭಾರಕ್ಕೆ ಮಿತಿ ಹಾಕುತ್ತಾರೆ. ನಮ್ಮಲ್ಲಿ ಹಿಮವಿಲ್ಲ, ಮುಂಗಾರು ಇದೆ; ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಎರೆಮಣ್ಣು ಇದೆ. ಆದ್ದರಿಂದಲೇ ರಸ್ತೆ ಭಾರಕ್ಕೆ ಎಷ್ಟು ಕುಗ್ಗುತ್ತದೆಂದು ಬೆಂಕಲ್‌ಮನ್ ಬೀಮ್ ಸಾಧನದಿಂದ ಅಳೆಯಲು ನಮ್ಮ ದೇಶದಲ್ಲಿ ಸೂಕ್ತವೆಂದು ಹೇಳಿರುವ ಕಾಲ ಮಳೆಗಾಲ ಮುಗಿದ ಕೂಡಲೇ. ಬೇಸಿಗೆಯಲ್ಲಿ ಗಟ್ಟಿಯಾಗಿ ಕಂಡದ್ದನ್ನು ನಂಬಬಾರದು.

ಎರಡನೆಯ ಅಪಾಯ ಅತಿಭಾರ. 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್‌ನಲ್ಲಿ ಪರೀಕ್ಷೆಗೆಂದೇ ರಸ್ತೆ ಕಟ್ಟಿ ಲಾರಿ ಓಡಿಸಿದರು. ಅಲ್ಲಿ ತಿಳಿದದ್ದು: ಒಂದು ಆ್ಯಕ್ಸಲ್ ಮೇಲಿನ ಭಾರ ಎರಡು ಪಟ್ಟಾದರೆ ಹಾನಿ ಸುಮಾರು 16 ಪಟ್ಟು. ವಿದ್ಯಾರ್ಥಿಗಳೇ, ಇದು 2ರ ನಾಲ್ಕನೇ ಘಾತ. 10 ಟನ್ ಹೊರಬೇಕಾದಲ್ಲಿ 15 ಟನ್ ಹೊತ್ತರೆ ಹಾನಿ ಐದು ಪಟ್ಟು. 2018ರಲ್ಲಿ ನಾಲ್ಕು ಚಕ್ರಗಳ ಒಂಟಿ ಆ್ಯಕ್ಸಲ್‌ನ ಮಿತಿಯನ್ನು 10.2 ಟನ್‌ನಿಂದ 11.5 ಟನ್‌ಗೆ ಏರಿಸಿದರು. ಏರಿಕೆ ಶೇ. 13 ಮಾತ್ರ, ಇದೇ ಲೆಕ್ಕದಲ್ಲಿ ಹಾನಿ ಶೇ. 60ರಷ್ಟು ಹೆಚ್ಚು.

ಇದು ನಮಗೆ ದೂರದ ಮಾತಲ್ಲ. 2000ದ ದಶಕದಲ್ಲಿ ಸಂಡೂರು, ಹೊಸಪೇಟೆ ರಸ್ತೆಗಳಲ್ಲಿ ಓಡಿದ ಅದಿರು ಲಾರಿಗಳನ್ನು ಹಿರಿಯರು ಕಂಡಿದ್ದಾರೆ. 2011ರ ಲೋಕಾಯುಕ್ತ ವರದಿಯಲ್ಲೂ ಅತಿಭಾರದ ವಿಷಯ ಬಂದಿದೆ. ಅದಿರಿನ ಲಾಭ ಕೆಲವರಿಗೆ ಹೋಯಿತು. ಕೆಟ್ಟ ರಸ್ತೆ ಶಾಲೆಗೆ ಹೋಗುವ ಮಕ್ಕಳಿಗೆ, ಹೆರಿಗೆಗೆ ಹೊಸಪೇಟೆಗೆ ಹೊರಟ ತಾಯಂದಿರಿಗೆ ಉಳಿಯಿತು.

ನಮ್ಮ ಕೈಯಲ್ಲೇನಿದೆ? ಮರಿಯಮ್ಮನಹಳ್ಳಿಯಲ್ಲಿ ಮಳೆಗೆ ಮುಂಚೆ ರಸ್ತೆಬದಿಯ ಚರಂಡಿ ತೆರವಾಗಿದೆಯೇ ನೋಡೋಣ. ಅದಕ್ಕೆ ಕಸ ಸುರಿಯದಿರೋಣ. ನಲ್ಲಿ ಪೈಪಿಗಾಗಿ ರಸ್ತೆ ಅಗೆದರೆ ಮಣ್ಣನ್ನು ದಮ್ಮಸು ಮಾಡಿಯೇ ಮುಚ್ಚಿಸೋಣ. ಮಳೆ ನಿಂತ ಮೇಲೆ ಬಿರುಕು, ತಗ್ಗುಗಳನ್ನು ಬರೆದು ಪಟ್ಟಣ ಪಂಚಾಯಿತಿಗೆ ಅರ್ಜಿ ಕೊಡೋಣ. ಲಾರಿ ಇಟ್ಟಿರುವ ಸಹೋದರರೇ, ಒಂದು ಟ್ರಿಪ್ ಉಳಿಸಲು ಮಿತಿ ಮೀರಬೇಡಿ.

ದಾರಿಯಲ್ಲಿ ತೊಂದರೆ ಕೊಡುವುದನ್ನು ಸರಿಸುವುದೂ ಈಮಾನಿನ ಭಾಗವೆಂದು ನಮ್ಮ ಪ್ರವಾದಿಯವರು (ಸ) ಕಲಿಸಿದ್ದಾರೆ. ಹಾಗಿರುವಾಗ ದಾರಿಯನ್ನೇ ಕೆಡಿಸುವುದು ಸಲ್ಲದು.