ಸೂಕ್ಷ್ಮಜೀವಿಗಳೂ ಕೈಗಾರಿಕೆಯೂ

ಹಾಲಿಗೆ ಹೆಪ್ಪು ಹಾಕುವ ಗೃಹಿಣಿಯು ತಾನು ಲ್ಯಾಕ್ಟಿಕ್ ಆಮ್ಲವನ್ನು ತಯಾರಿಸುತ್ತಿರುವೆನೆಂದು ಭಾವಿಸುವುದಿಲ್ಲ. ಆದರೂ ಆಕೆಯ ಗಡಿಗೆಯಲ್ಲಿ ನಡೆಯುವುದು ಅದೇ. ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳು ಹಾಲಿನ ಸಕ್ಕರೆಯನ್ನು ಆಮ್ಲವಾಗಿ ಮಾರ್ಪಡಿಸುತ್ತವೆ. ಇಂದು ಕಲ್ಲೆಣ್ಣೆಯಿಂದ ಪಡೆಯುತ್ತಿರುವ ದ್ರಾವಕಗಳನ್ನೂ ಪ್ಲಾಸ್ಟಿಕ್ಕುಗಳ ಮೂಲದ್ರವ್ಯಗಳನ್ನೂ ಇಂಥ ಜೀವಿಗಳಿಂದ ಪಡೆಯಬಹುದೆ? ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ಸೀಮೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಪ್ರಶ್ನೆಯನ್ನು ವಿಚಾರಿಸೋಣ.

ಇದು ಹೊಸ ಕನಸಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಕಾರ್ಡೈಟ್ ಎಂಬ ಸಿಡಿಮದ್ದಿಗಾಗಿ ಬ್ರಿಟಿಷರಿಗೆ ಅಸಿಟೋನ್ ಹೇರಳವಾಗಿ ಬೇಕಾಯಿತು. ಅದುವರೆಗೆ ಅದು ಕಟ್ಟಿಗೆಯನ್ನು ಬಟ್ಟಿಯಿಳಿಸಿ ದೊರೆಯುತ್ತಿತ್ತು. ಮ್ಯಾಂಚೆಸ್ಟರಿನಲ್ಲಿದ್ದ ರಸಾಯನಶಾಸ್ತ್ರಜ್ಞ ಖೈಮ್ ವೈಜ್‌ಮನ್ನರು ಪಿಷ್ಟದಿಂದ ಅಸಿಟೋನನ್ನೂ ಬ್ಯುಟನಾಲನ್ನೂ ತಯಾರಿಸುವ ಬ್ಯಾಕ್ಟೀರಿಯಾವೊಂದನ್ನು ಬೇರ್ಪಡಿಸಿ ಕೆಲಸಕ್ಕೆ ಹಚ್ಚಿದರು. 1917ರಲ್ಲಿ ಧಾನ್ಯದ ಅಭಾವ ತಲೆದೋರಿದಾಗ, ಇಂಗ್ಲೆಂಡಿನ ಶಾಲೆಯ ಮಕ್ಕಳು ಇದಕ್ಕಾಗಿ ಹಾರ್ಸ್ ಚೆಸ್ಟ್‌ನಟ್ ಮರದ ಕಾಯಿಗಳನ್ನು ಆರಿಸಿ ತಂದುಕೊಟ್ಟರು. ಮುಂದೆ 1950ರ ದಶಕದಲ್ಲಿ ಅಗ್ಗದ ಪೆಟ್ರೋಲಿಯಂ ಈ ಉದ್ಯಮವನ್ನು ಬಹುಮಟ್ಟಿಗೆ ನುಂಗಿತು.

ಸೋಲಿಗೆ ಒಳಗಿನ ಕಾರಣವೂ ಉಂಟು. ಬ್ಯುಟನಾಲು ತನ್ನನ್ನು ಹುಟ್ಟಿಸಿದ ಜೀವಿಗೇ ವಿಷ. ನೂರು ಪಾಲು ದ್ರವದಲ್ಲಿ ದ್ರಾವಕಗಳೆಲ್ಲ ಸೇರಿ ಸುಮಾರು ಎರಡು ಪಾಲಾಗುವಷ್ಟರಲ್ಲಿ ಅದು ಕೆಲಸವನ್ನು ನಿಲ್ಲಿಸಿಬಿಡುತ್ತದೆ. ಅಷ್ಟೊಂದು ನೀರಿನಿಂದ ಆ ಎರಡು ಪಾಲನ್ನು ಬೇರ್ಪಡಿಸಲು ಉರಿಸಬೇಕಾದ ಇಂಧನವೆಷ್ಟು! ಪತ್ರಿಕೆಗಳು ಜೀವಿಯ ಜಾಣ್ಮೆಯನ್ನು ಹೊಗಳುತ್ತವೆ. ಬಾಯ್ಲರಿನ ಲೆಕ್ಕವನ್ನು ಹೇಳುವುದಿಲ್ಲ.

ಇನ್ನು ನಮ್ಮ ಸೀಮೆಯ ಮಾತು. ಭೂಸನೂರ, ಹವಳಗಾ, ಮಳ್ಳಿಗಳಲ್ಲಿ ಸಕ್ಕರೆ ಕಾರ್ಖಾನೆಗಳಿವೆ. ಅವುಗಳ ಕಾಕಂಬಿಯು ಬ್ಯಾಕ್ಟೀರಿಯಾಗಳಿಗೆ ಒಳ್ಳೆಯ ಆಹಾರವೇ ಸರಿ. ಆದರೆ ಪೆಟ್ರೋಲಿನಲ್ಲಿ ಬೆರೆಸುವ ಮದ್ಯಸಾರಕ್ಕೂ ಕಾಕಂಬಿ ಬೇಕು. ಇನ್ನೂ ಹೆಚ್ಚು ಕಬ್ಬನ್ನು ಬೆಳೆಯೋಣವೆಂದರೆ ಭೀಮೆಯಲ್ಲಿಯೂ ಅಮರ್ಜೆಯಲ್ಲಿಯೂ ನೀರು ಬೇಕಷ್ಟೆ. ತೊಗರಿಕಟ್ಟಿಗೆಯು ಈ ಮೂರು ಸೀಮೆಗಳಲ್ಲಿಯೂ ರಾಶಿರಾಶಿಯಾಗಿ ದೊರೆಯುತ್ತದೆ. ಅದರಲ್ಲಿಯೂ ಸಕ್ಕರೆ ಅಡಗಿದೆ. ಅದನ್ನು ಬಿಡಿಸಿ ತೆಗೆಯುವುದು ಮಾತ್ರ ಕಷ್ಟ. ಮೇಲಾಗಿ ಅದು ಬಡವರ ಒಲೆಯ ಸೌದೆ. ಅದನ್ನು ಒಯ್ಯುವ ಕಾರ್ಖಾನೆಯು ಒಲೆಗೂ ಬದಲಿ ದಾರಿಯನ್ನು ತೋರಿಸಬೇಕಾದುದು ನ್ಯಾಯ.

ನನ್ನ ಅಭಿಪ್ರಾಯದಲ್ಲಿ ನಾವು ಬ್ಯುಟನಾಲಿನಿಂದಲ್ಲ, ಮೊಸರಿನ ಆ ಆಮ್ಲದಿಂದಲೇ ಆರಂಭಿಸುವುದು ಲೇಸು. ಅಮೆರಿಕದ ಬ್ಲೇರ್ ಪಟ್ಟಣದಲ್ಲಿ 2002ರಲ್ಲಿ ಆರಂಭವಾದ ಕಾರ್ಖಾನೆಯೊಂದು ಲ್ಯಾಕ್ಟಿಕ್ ಆಮ್ಲದಿಂದ ಪ್ಲಾಸ್ಟಿಕ್ಕನ್ನು ತಯಾರಿಸುತ್ತದೆ. ಹುದುಗುವ ದ್ರವಕ್ಕೆ ಸುಣ್ಣವನ್ನು ಬೆರೆಸುತ್ತಿದ್ದರೆ ಈ ಆಮ್ಲವು ನೂರಕ್ಕೆ ಹತ್ತು ಪಾಲನ್ನೂ ಮೀರಿ ಕೂಡಿಬರುತ್ತದೆ. ಸುಣ್ಣದ ಕಲ್ಲಿಗೆ ನಮ್ಮ ಜಿಲ್ಲೆಯಲ್ಲಿ ಕೊರತೆಯಿಲ್ಲ. ಕೊನೆಗೆ ಗಂಧಕಾಮ್ಲದಿಂದ ಅದನ್ನು ಬಿಡಿಸುವಾಗ, ಒಂದು ಟನ್ ಆಮ್ಲಕ್ಕೆ ಹೆಚ್ಚುಕಡಿಮೆ ಒಂದು ಟನ್ ಜಿಪ್ಸಂ ಉಳಿಯುತ್ತದೆ. ಜಿಪ್ಸಂ ಸಿಮೆಂಟಿಗೆ ಬೇಕಾದ ವಸ್ತು. ಶಹಾಬಾದ, ಸೇಡಂ ಕಡೆಯ ಸಿಮೆಂಟಿನವರು ಇದನ್ನು ಕೊಳ್ಳುವರೋ ಎಂಬುದನ್ನು ಮೊದಲು ವಿಚಾರಿಸಬೇಕು.