ಹಕ್ಕಿಯ ಊಟದ ಹೊತ್ತು

ಹೆಗ್ಗೋಡಿನ ಕಡೆಯಿಂದ ಘಟ್ಟ ಇಳಿದು ಕುಮಟೆಗೆ ಹಕ್ಕಿ ನೋಡಲು ಹೊರಟಿದ್ದೀರಾ? ಒಂದು ಮಾತು ನೆನಪಿರಲಿ.

ಅಲ್ಲಿನ ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ ಪ್ರದೇಶ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲವಾಗಿ ರಾಮ್ಸಾರ್ ಪಟ್ಟಿಗೆ ಸೇರಿತು. ಚಳಿಗಾಲದಲ್ಲಿ ಉತ್ತರದಿಂದ ಬರುವ ಉಲ್ಲಂಕಿಯಂಥ ಹಕ್ಕಿಗಳಿಗೆ ಇಂಥ ಅಳಿವೆಯ ಕೆಸರುಬಯಲೇ ಊಟದ ಎಲೆ. ಆದರೆ ಇಳಿತದ ಕೆಲವು ಗಂಟೆ ಮಾತ್ರ ಅದು ತೆರೆದಿರುತ್ತದೆ. ಭರತ ಬಂದರೆ ಮುಳುಗುತ್ತದೆ. ಅಷ್ಟರಲ್ಲೇ ಹುಳು, ಚಿಪ್ಪುಜೀವಿಗಳನ್ನು ತಿಂದು ಮರುಪಯಣಕ್ಕೆ ಕೊಬ್ಬು ಕೂಡಿಸಿಕೊಳ್ಳಬೇಕು.

ಹಾರುವ ಚಿತ್ರ ಬೇಕೆಂದು ನಾವು ಗುಂಪನ್ನು ಎಬ್ಬಿಸಿದರೆ ಉಣ್ಣುವ ಹೊತ್ತೂ ಹೋಯಿತು, ಕೂಡಿಟ್ಟ ಶಕ್ತಿಯೂ ಹೋಯಿತು. ದೃಶ್ಯಕ್ಕಾಗಿ ಕಾಯುವುದೇ ಕಸುಬಾದವನು ಹೇಳುತ್ತಿದ್ದೇನೆ: ದಂಡೆಯಲ್ಲೇ ನಿಂತು ದುರ್ಬೀನಿನಲ್ಲಿ ನೋಡಿ. ಹಕ್ಕಿ ಮೇವು ಬಿಟ್ಟು ತಲೆಯೆತ್ತಿದರೆ ಹಿಂದೆ ಸರಿಯಿರಿ. ನೀವು ಹೊರಟಾಗಲೂ ಅದು ಮೇಯುತ್ತಲೇ ಇದ್ದರೆ, ಸರಿಯಾಗಿ ನೋಡಿದಿರಿ ಎಂದರ್ಥ.