ಶಾಲೆಯ ಬಯಲು ಮತ್ತು ಸಾರ್ವಜನಿಕ ಧನ



ದತ್ತಿಯೊಂದನ್ನು ಸ್ಥಾಪಿಸತಕ್ಕವರು ಮೂಲಧನವನ್ನು ಯಾರೂ ಮುಟ್ಟದಂತೆ ಕಟ್ಟುಮಾಡಿ, ಅದರಿಂದ ಬರುವ ಬಡ್ಡಿಯನ್ನು ಮಾತ್ರ ವರ್ಷವರ್ಷವೂ ನಿಯತವಾದೊಂದು ಕಾರ್ಯಕ್ಕೆ ವಿನಿಯೋಗಿಸಬೇಕೆಂದು ವಿಧಿಸುವುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದಿರುವ ಪದ್ಧತಿ. ಕಾರ್ಯವೊಂದು ಒಮ್ಮೆ ವಿಜೃಂಭಣೆಯಿಂದ ನಡೆದು ನಿಂತುಹೋಗುವುದಕ್ಕಿಂತ, ಅಲ್ಪವಾಗಿಯಾದರೂ ಎಡೆಬಿಡದೆ ನಡೆಯುವುದು ಶ್ರೇಯಸ್ಕರವೆಂಬ ವಿವೇಕ ಆ ಏರ್ಪಾಡಿನ ತಳದಲ್ಲಿದೆ. ನಮ್ಮ ಸರ್ಕಾರಿ ಶಾಲೆಗಳಿಗೂ ಅಲ್ಲಿನ ಮಕ್ಕಳ ಆಟಕ್ಕೂ ಸಾರ್ವಜನಿಕ ಧನ ಯಾವ ರೀತಿಯಲ್ಲಿ ಸಲ್ಲುತ್ತಿದೆ, ಆ ಸಲ್ಲಿಕೆ ನ್ಯಾಯವಾದುದೆ ಎಂಬ ವಿಷಯವನ್ನು ಈ ದಿನ ತಮ್ಮ ಮುಂದಿಡುವಾಗ ನಾನು ಆ ವಿವೇಕವನ್ನೇ ಅಳತೆಗೋಲಾಗಿ ಹಿಡಿದಿದ್ದೇನೆ.

ವಿದ್ಯೆಯ ವಿಷಯದಲ್ಲಿ ಚಿಕ್ಕಬಳ್ಳಾಪುರದ ಈ ಸೀಮೆಯ ಪರಂಪರೆ ಸಾಮಾನ್ಯವಾದುದಲ್ಲ. 1861ರಲ್ಲಿ ಮುದ್ದೇನಹಳ್ಳಿಯಲ್ಲಿ ಹುಟ್ಟಿ, ಈ ಚಿಕ್ಕಬಳ್ಳಾಪುರದ ಶಾಲೆಯಲ್ಲಿ ಓದಿದ ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾಗಿದ್ದಾಗ, 1913ರಲ್ಲಿ, ಪ್ರಾಥಮಿಕ ವಿದ್ಯಾಭ್ಯಾಸವನ್ನು ಆಯ್ದ ಪ್ರದೇಶಗಳಲ್ಲಿ ಕಡ್ಡಾಯಗೊಳಿಸುವ ಶಾಸನ ಬಂದಿತು. ಅದೇ ಉದ್ದೇಶದಿಂದ ಗೋಖಲೆಯವರು ಬ್ರಿಟಿಷ್ ಇಂಡಿಯಾದ ಶಾಸನಸಭೆಯಲ್ಲಿ ಮಂಡಿಸಿದ್ದ ಮಸೂದೆ ಅದರ ಹಿಂದಿನ ವರ್ಷವಷ್ಟೇ ಬಿದ್ದುಹೋಗಿತ್ತು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಜನಿಸಿದ ಡಾ. ಎಚ್. ನರಸಿಂಹಯ್ಯನವರು ಹುಡುಗನಾಗಿದ್ದಾಗ ಮುಂದಿನ ಓದಿಗಾಗಿ ಬೆಂಗಳೂರಿನವರೆಗೆ ಕಾಲ್ನಡಿಗೆಯಲ್ಲಿಯೇ ಹೋದವರು. ದೊಡ್ಡ ಪದವಿಗಳಿಗೆ ಏರಿದ ಮೇಲೂ ತಮ್ಮ ಸೀಮೆಯನ್ನು ಮರೆಯದೆ, ಗೌರಿಬಿದನೂರು, ಬಾಗೇಪಲ್ಲಿಗಳಲ್ಲಿ ವಿದ್ಯಾಸಂಸ್ಥೆಗಳು ಬೇರೂರುವಂತೆ ಶ್ರಮಿಸಿದವರು. ಮಗುವಿನ ಮನೆಗೂ ಅದಕ್ಕೆ ಸಲ್ಲಬೇಕಾದ ವಿದ್ಯೆಗೂ ನಡುವೆ ಇರುವ ದೂರವನ್ನು ಕಡಿಮೆ ಮಾಡುವುದೇ ಈ ಇಬ್ಬರೂ ಮಹನೀಯರು ತಮ್ಮ ತಮ್ಮ ಕಾಲದಲ್ಲಿ ಕೈಗೊಂಡ ಕೆಲಸವೆಂದು ನಾನು ತಿಳಿದಿದ್ದೇನೆ. ಆಟದ ವಿಷಯದಲ್ಲಿ ಆ ದೂರ ಇನ್ನೂ ಹಾಗೆಯೇ ಉಳಿದಿದೆ.

ನಮ್ಮ ಜಿಲ್ಲೆಯ ನಾಲ್ಕು ಪಟ್ಟಣಗಳಲ್ಲಿ ಕ್ರೀಡಾಂಗಣಗಳಿವೆ. ಚಿಕ್ಕಬಳ್ಳಾಪುರದಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಜಿಲ್ಲಾ ಕ್ರೀಡಾಂಗಣ, ಗೌರಿಬಿದನೂರಿನಲ್ಲಿ ನೇತಾಜಿ ಕ್ರೀಡಾಂಗಣ, ಶಿಡ್ಲಘಟ್ಟದಲ್ಲಿ ನೆಹರೂ ಕ್ರೀಡಾಂಗಣ, ಚಿಂತಾಮಣಿಯಲ್ಲಿ ಝಾನ್ಸಿ ಕ್ರೀಡಾಂಗಣ. ಇವು ಇರಬಾರದೆಂದು ಹೇಳುವಷ್ಟು ಅವಿವೇಕಿ ನಾನಲ್ಲ. 2007ರಲ್ಲಿ ಕೋಲಾರದಿಂದ ಬೇರ್ಪಟ್ಟು ಸ್ವತಂತ್ರ ಜಿಲ್ಲೆಯಾದ ಈ ನಾಡಿಗೆ ತನ್ನದೊಂದು ಜಿಲ್ಲಾ ಕ್ರೀಡಾಂಗಣವಿರುವುದು ಯೋಗ್ಯವೂ ಹೌದು, ಅವಶ್ಯವೂ ಹೌದು. ಆದರೆ ಸ್ವಾತಂತ್ರ್ಯೋತ್ಸವದ ಧ್ವಜವಂದನೆ, ರಾಜ್ಯೋತ್ಸವದ ಮೆರವಣಿಗೆ, ಮಹನೀಯರ ಸಭೆ ಸಮಾರಂಭಗಳು ನಡೆಯುವುದೂ ಇಂಥ ಪಟ್ಟಣದ ಬಯಲುಗಳಲ್ಲಿಯೇ ಆದುದರಿಂದ, ಮೊದಲು ವೇದಿಕೆ, ಆಮೇಲೆ ಗ್ಯಾಲರಿ, ಆಮೇಲೆ ದೀಪಸ್ತಂಭ ಎಂಬ ಕ್ರಮದಲ್ಲಿ ಹಣ ಬರುವುದು ಸುಲಭವಾಗುತ್ತದೆ. ನಿತ್ಯ ನೀರು ಹಾಕಿ, ಕಳೆ ಕಿತ್ತು, ರೋಲರ್ ಎಳೆಯತಕ್ಕ ಕೆಲಸಕ್ಕೆ ಬೇಕಾದ ಅಲ್ಪ ಹಣ ಬರುವುದು ಕಷ್ಟವಾಗುತ್ತದೆ. ಕಟ್ಟಿದ್ದಕ್ಕೆ ಉದ್ಘಾಟನೆಯ ಕಲ್ಲನ್ನು ನೆಡಬಹುದು, ಕಾಪಾಡಿದ್ದಕ್ಕೆ ಯಾವ ಕಲ್ಲನ್ನೂ ಯಾರೂ ನೆಡುವುದಿಲ್ಲ. ಶಾಸಕರೊಬ್ಬರಿಗೆ ವರ್ಷಕ್ಕೆ 2 ಕೋಟಿ ರೂಪಾಯಿಗಳ, ಸಂಸದರೊಬ್ಬರಿಗೆ 5 ಕೋಟಿ ರೂಪಾಯಿಗಳ ಪ್ರದೇಶಾಭಿವೃದ್ಧಿ ನಿಧಿಯುಂಟು. ಆ ನಿಧಿಯ ಪ್ರಧಾನವಾದ ಒಲವು ಕಣ್ಣಿಗೆ ಕಾಣುವ, ಶಾಶ್ವತವೆನಿಸುವ ಆಸ್ತಿಯ ಕಡೆಗೆ. ಇದು ವ್ಯಕ್ತಿಗಳ ದೋಷವಲ್ಲ, ಏರ್ಪಾಡಿನ ಸ್ವಭಾವ.

ಈಗ ಹಳ್ಳಿಯ ಶಾಲೆಯ ಲೆಕ್ಕವನ್ನು ನೋಡೋಣ. 2018ರಿಂದ ನಡೆದಿರುವ ಸಮಗ್ರ ಶಿಕ್ಷಣ ಯೋಜನೆಯಲ್ಲಿ, ಕೇಂದ್ರ ಸರ್ಕಾರದ್ದು 60 ಪಾಲು, ರಾಜ್ಯದ್ದು 40 ಪಾಲು ಎಂಬ ಪ್ರಮಾಣದಲ್ಲಿ, ಕ್ರೀಡಾ ಸಾಮಗ್ರಿಗೆಂದು ಕಿರಿಯ ಪ್ರಾಥಮಿಕ ಶಾಲೆಗೆ ವರ್ಷಕ್ಕೆ 5,000 ರೂಪಾಯಿ, ಹಿರಿಯ ಪ್ರಾಥಮಿಕ ಶಾಲೆಗೆ 10,000 ರೂಪಾಯಿ, ಪ್ರೌಢಶಾಲೆಗೆ 25,000 ರೂಪಾಯಿಯವರೆಗೆ ಎಂದು ನಿಗದಿಯಾಗಿದೆ. ಒಂದು ವಾಲಿಬಾಲು, ಒಂದು ನೆಟ್ಟು, ಒಂದೆರಡು ಥ್ರೋಬಾಲು, ನಾಲ್ಕಾರು ಸ್ಕಿಪ್ಪಿಂಗ್ ಹಗ್ಗ, ಟೆನಿಕಾಯ್ಟ್ ರಿಂಗು, ಕೇರಂ ಬೋರ್ಡು: ಐದು ಸಾವಿರದ ಆಯುಸ್ಸು ಇಷ್ಟರಲ್ಲಿ ಮುಗಿಯುತ್ತದೆ. ಶಾಲೆಯ ಉಳಿದೆಲ್ಲ ಖರ್ಚಿಗೆಂದು ಕೊಡುವ ಸಂಯುಕ್ತ ಅನುದಾನವಾದರೋ ಮಕ್ಕಳ ತಲೆಯೆಣಿಕೆಯನ್ನು ಅನುಸರಿಸುತ್ತದೆ. 30 ಮಕ್ಕಳವರೆಗೆ 10,000, 31ರಿಂದ 100ರವರೆಗೆ 25,000, 101ರಿಂದ 250ರವರೆಗೆ 50,000 ಎಂಬ ಮೆಟ್ಟಿಲುಗಳು. ಸುಣ್ಣ ಬಣ್ಣ, ವಿದ್ಯುತ್ತಿನ ಬಿಲ್ಲು, ಸೀಮೆಸುಣ್ಣ, ಶೌಚಾಲಯದ ನೀರು, ಒಡೆದ ಹೆಂಚು ಎಲ್ಲವೂ ಅದರಲ್ಲಿಯೇ ಆಗಬೇಕು. ತಲೆಯೆಣಿಕೆಯ ಈ ಲೆಕ್ಕ ಮೇಲ್ನೋಟಕ್ಕೆ ಸಮತೆಯಂತೆ ತೋರುತ್ತದೆ. ಆದರೆ 25 ಮಕ್ಕಳಿರುವ ಶಾಲೆಯ ಬಯಲು 200 ಮಕ್ಕಳಿರುವ ಶಾಲೆಯ ಬಯಲಿಗಿಂತ ಎಂಟುಪಾಲು ಚಿಕ್ಕದಾಗಿರುವುದಿಲ್ಲ. ಅಲ್ಲಿ ಬೆಳೆಯುವ ಪಾರ್ಥೇನಿಯಂ ಮಕ್ಕಳ ಸಂಖ್ಯೆಯನ್ನು ಕೇಳಿಕೊಂಡು ಬೆಳೆಯುವುದಿಲ್ಲ. ಖೋ-ಖೋ ಅಂಕಣಕ್ಕೆ 27 ಮೀಟರ್ ಉದ್ದ, 16 ಮೀಟರ್ ಅಗಲ ಎಲ್ಲಿಯಾದರೂ ಬೇಕೇ ಬೇಕು. ಬಯಲಿನ ಖರ್ಚು ಬಯಲಿಗೆ ಸೇರಿದುದೇ ಹೊರತು ತಲೆಗೆ ಸೇರಿದುದಲ್ಲವೆಂಬ ಈ ಸರಳವಾದ ಸಂಗತಿ ಅನುದಾನದ ಸೂತ್ರದಲ್ಲಿ ಇಲ್ಲದಿರುವುದರಿಂದ, ಸಣ್ಣ ಶಾಲೆಗೆ ಅನ್ಯಾಯ ನಿಯಮಬದ್ಧವಾಗಿಯೇ ನಡೆದುಹೋಗುತ್ತಿದೆ.

ಹೋಬಳಿ ಮಟ್ಟದ ಕ್ರೀಡಾಕೂಟದ ಒಂದು ಬೆಳಗನ್ನು ಕಂಡವರಿಗೆ ಇದರ ಫಲ ಕಣ್ಣಿಗೆ ಕಟ್ಟುತ್ತದೆ. ಪಿ.ಟಿ. ಮೇಷ್ಟರು ಹೊತ್ತು ಮೂಡುವ ಮೊದಲೇ ಬಂದು, ಗೂಟಕ್ಕೆ ಹುರಿ ಕಟ್ಟಿ ಎಳೆದು, ತಳದಲ್ಲಿ ತೂತು ಮಾಡಿದ ಡಬ್ಬದಿಂದ ಸುಣ್ಣದ ಪುಡಿಯನ್ನು ಸುರಿಸುತ್ತ ಓಟದ ಗೆರೆಗಳನ್ನು ಬರೆಯುತ್ತಾರೆ. ಸಾದಲಿ, ಮುರುಗಮಲ್ಲ, ನಗರಗೆರೆ, ಮಂಡಿಕಲ್ ಯಾವ ಹೋಬಳಿಯಾದರೂ ಸರಿ, ಸುತ್ತಲಿನ ಹಳ್ಳಿಗಳಿಂದ ಟೆಂಪೋಗಳಲ್ಲಿ ಮಕ್ಕಳು ಬಂದಿಳಿಯುತ್ತಾರೆ. 200 ಮೀಟರ್ ಓಟಕ್ಕೆ ನಿಂತ ಏಳನೆಯ ತರಗತಿಯ ಹುಡುಗಿ ಬರಿಗಾಲಿನಲ್ಲಿ ಶರವೇಗದಿಂದ ಹೊರಡುತ್ತಾಳೆ. ಆದರೆ ಓಟ ಆರಂಭವಾಗುವುದೇ ತಿರುವಿನಲ್ಲಿ, ಆಕೆಯ ಶಾಲೆಯ ಮುಂದಿರುವುದು ನೇರವಾದ ಒಂದು ತುಂಡು ನೆಲ ಮಾತ್ರ. ತಿರುವಿನಲ್ಲಿ ದೇಹವನ್ನು ಒಳಕ್ಕೆ ವಾಲಿಸಿ ಓಡುವುದನ್ನು ಆಕೆ ಒಮ್ಮೆಯೂ ಅಭ್ಯಾಸ ಮಾಡಿದವಳಲ್ಲವಾದುದರಿಂದ, ಗೆರೆಯನ್ನು ದಾಟಿ ಪಕ್ಕದ ಲೇನಿಗೆ ನುಗ್ಗಿ ಅಲ್ಲಿ ಓಡುವವಳಿಗೆ ಅಡ್ಡವಾಗಿಬಿಡುತ್ತಾಳೆ. ಸೀಟಿ ಊದಿ, ಅನರ್ಹಳೆಂದು ಬರೆಯುತ್ತಾರೆ. ತೀರ್ಪುಗಾರರು ಮಾಡಿದ್ದು ನಿಯಮದಂತೆ ಸರಿ. ಆ ಹುಡುಗಿಯಲ್ಲಿ ವೇಗವಿತ್ತು, ಶ್ವಾಸವಿತ್ತು, ಛಲವಿತ್ತು. ಇಲ್ಲದಿದ್ದುದು ಒಂದು ತಿರುವು, ಮತ್ತು ಅದನ್ನು ಓಡುವ ಬಗೆಯನ್ನು ಹೇಳಿಕೊಡುವವರು ಒಬ್ಬರು. ಪಟ್ಟಣದ ಕ್ರೀಡಾಂಗಣದಲ್ಲಿ ಸಿಂಥೆಟಿಕ್ ಟ್ರ್ಯಾಕ್ ಬೇಕೆಂಬ ಬೇಡಿಕೆಯನ್ನು ಕೇಳಿದಾಗಲೆಲ್ಲ ನನಗೆ ಅಂಥ ಹುಡುಗಿಯರ ನೆನಪಾಗುತ್ತದೆ. ಆ ಟ್ರ್ಯಾಕಿಗೆ ಕೋಟಿಗಟ್ಟಲೆ ಹಣ ಬೇಕು, ಅದರ ಮೇಲೆ ಓಡುವ ಅವಕಾಶ ಬರುವುದಕ್ಕೆ ಮೊದಲೇ ಈ ಮಗುವಿನ ಕಥೆ ಹೋಬಳಿಯ ಸುಣ್ಣದ ಗೆರೆಯ ಮೇಲೆ ಮುಗಿದಿರುತ್ತದೆ.

ಹೇಳಿಕೊಡುವವರ ಮಾತು ಬಂದುದರಿಂದ ಅದನ್ನೂ ಹೇಳಿಬಿಡುತ್ತೇನೆ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯಲ್ಲಿ ಪ್ರತಿಯೊಂದು ಶಾಲೆಗೂ ಆಟದ ಮೈದಾನವೂ ಆಟದ ಸಾಮಗ್ರಿಯೂ ಇರತಕ್ಕದ್ದೆಂದು ಸ್ಪಷ್ಟವಾಗಿ ವಿಧಿಸಿದೆ. ಆದರೆ ಅದೇ ಅನುಸೂಚಿಯು ಆರರಿಂದ ಎಂಟನೆಯ ತರಗತಿಗಳಲ್ಲಿ ಮಕ್ಕಳ ಸಂಖ್ಯೆ 100ನ್ನು ಮೀರಿದರೆ ಮಾತ್ರ ದೈಹಿಕ ಶಿಕ್ಷಣಕ್ಕೆ ಅಂಶಕಾಲಿಕ ಬೋಧಕರನ್ನು ಒದಗಿಸುತ್ತದೆ. ನಮ್ಮ ಹಳ್ಳಿಗಳ ಅನೇಕ ಶಾಲೆಗಳು ಆ ಗೆರೆಯ ಕೆಳಗೇ ಇರುವುವಾದುದರಿಂದ, ಮೈದಾನದ ಹಕ್ಕು ಅವಕ್ಕೆ ದೊರೆತಿದೆ, ಮೈದಾನದಲ್ಲಿ ನಿಲ್ಲುವ ಗುರುವಿನ ಹಕ್ಕು ದೊರೆತಿಲ್ಲ. ದೈಹಿಕ ಶಿಕ್ಷಣ ಶಿಕ್ಷಕರ ಸ್ಥಾನಮಾನದ ಬಗ್ಗೆ ಪ್ರೊ. ವೈದ್ಯನಾಥನ್ ಅವರ ವರದಿಯನ್ನು ಜಾರಿಗೆ ತರಬೇಕೆಂದು ಆ ಶಿಕ್ಷಕರು ವರ್ಷಗಳಿಂದ ಕೇಳುತ್ತಲೇ ಇದ್ದಾರೆ. ಅದನ್ನು ಕೇವಲ ವೇತನದ ಬೇಡಿಕೆಯೆಂದು ತಳ್ಳಿಹಾಕುವುದು ಸರಿಯಲ್ಲ; ಗಣಿತದ ಮೇಷ್ಟರಿಲ್ಲದ ಶಾಲೆಯನ್ನು ನಾವು ಶಾಲೆಯೆಂದು ಒಪ್ಪುವುದಿಲ್ಲವಾದರೆ, ಮಕ್ಕಳನ್ನು ಓಡಿಸುವ ಮೇಷ್ಟರಿಲ್ಲದ ಶಾಲೆಯನ್ನು ಮಾತ್ರ ಹೇಗೆ ಒಪ್ಪುತ್ತೇವೆ?

ಈ ಕೊರತೆಗೆ ಆಡಳಿತದ ರಚನೆಯಲ್ಲಿಯೇ ಒಂದು ಕಾರಣವುಂಟು. ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಶಿಕ್ಷಣವು 1976ರ ತಿದ್ದುಪಡಿಯಿಂದೀಚೆಗೆ ಸಮವರ್ತಿ ಪಟ್ಟಿಯಲ್ಲಿದೆ. ಕ್ರೀಡೆಯಾದರೋ ನಾಟಕ, ಸಿನಿಮಾ, ವಿನೋದಗಳ ಜೊತೆಗೆ ರಾಜ್ಯ ಪಟ್ಟಿಯ 33ನೆಯ ನಮೂದಿನಲ್ಲಿ ಕುಳಿತಿದೆ. ಅಲ್ಲಿಂದ ಇಳಿದು ಬಂದರೆ, ಶಾಲೆ ಒಂದು ಇಲಾಖೆಯದು, ಕ್ರೀಡಾಂಗಣ ಇನ್ನೊಂದು ಇಲಾಖೆಯದು. ಶಾಲೆಯ ಬಯಲು ಈ ಎರಡು ಮನೆಗಳ ನಡುವಿನ ಓಣಿಯಲ್ಲಿ ಬಿದ್ದಿದೆ. ಉದ್ಯೋಗ ಖಾತರಿ ಯೋಜನೆಯ ಹಣದಿಂದ ಗ್ರಾಮ ಪಂಚಾಯಿತಿಗಳು ಎಷ್ಟೋ ಕಡೆಗಳಲ್ಲಿ ಶಾಲೆಗಳ ಕಾಂಪೌಂಡು, ಶೌಚಾಲಯ, ಆಟದ ಅಂಕಣಗಳನ್ನು ಮಾಡಿಸಿದುವು. ಈ ಎರಡು ಇಲಾಖೆಗಳಿಗೂ ಸೇರದ ಮೂರನೆಯವರೊಬ್ಬರು ಬಂದು ಮಾಡಿದ ಆ ಕೆಲಸವನ್ನು ನಾನು ಮನಸಾರ ಸ್ಮರಿಸುತ್ತೇನೆ. ಕಾಂಪೌಂಡಿನ ಮಹತ್ವವನ್ನು ಹೆಣ್ಣುಮಕ್ಕಳ ತಾಯಂದಿರು ಬಲ್ಲರು. ದಾರಿಹೋಕರ ಕಣ್ಣಿಗೆ ಬಯಲಾದ ಜಾಗದಲ್ಲಿ ಕಬಡ್ಡಿಯಾಡಲು ಹದಿಮೂರು ಹದಿನಾಲ್ಕರ ಹುಡುಗಿ ಹಿಂಜರಿಯುತ್ತಾಳೆ. ನಾಲ್ಕು ಗೋಡೆ ಎದ್ದ ಮೇಲೆ ಆಡುತ್ತಾಳೆ.

ಪರದೇಶದ ಒಂದು ನಿದರ್ಶನ ಇಲ್ಲಿ ಪ್ರಯೋಜನಕ್ಕೆ ಬಂದೀತು. ಅಮೆರಿಕದಲ್ಲಿ ಸಾರ್ವಜನಿಕ ಶಾಲೆಗಳ ಹಣದಲ್ಲಿ ದೊಡ್ಡ ಪಾಲು ಆಯಾ ಊರಿನ ಆಸ್ತಿ ತೆರಿಗೆಯಿಂದ ಬರುವುದರಿಂದ, ಸಿರಿವಂತರ ಊರಿನ ಶಾಲೆ ಸಿರಿವಂತವಾಗಿಯೂ ಬಡವರ ಊರಿನ ಶಾಲೆ ಬಡತನದಲ್ಲಿಯೂ ಇರುವುದು ಅಲ್ಲಿ ಹಳೆಯ ಬೇನೆ. ಟೆಕ್ಸಸ್ ಸಂಸ್ಥಾನದ ಆಲೆನ್ ಎಂಬ ಪಟ್ಟಣದಲ್ಲಿ 2012ರಲ್ಲಿ ಒಂದು ಪ್ರೌಢಶಾಲೆಗೆಂದು ಸುಮಾರು 6 ಕೋಟಿ ಡಾಲರುಗಳ ವೆಚ್ಚದಲ್ಲಿ 18,000 ಜನ ಕೂರುವ ಫುಟ್‌ಬಾಲ್ ಕ್ರೀಡಾಂಗಣ ಎದ್ದಿತು. ಎರಡು ವರ್ಷಗಳೊಳಗೆ ಕಾಂಕ್ರೀಟಿನಲ್ಲಿ ಬಿರುಕು ಕಂಡು ಅದನ್ನು ಕೆಲಕಾಲ ಮುಚ್ಚಬೇಕಾಯಿತು. ಅದೇ ಸಂಸ್ಥಾನದ ಸ್ಯಾನ್ ಆಂಟೋನಿಯೊ ನಗರದ ಬಡ ತಂದೆತಾಯಿಗಳು ಈ ತಾರತಮ್ಯದ ವಿರುದ್ಧ ಹೂಡಿದ ದಾವೆಯನ್ನು ಆ ದೇಶದ ಸರ್ವೋಚ್ಚ ನ್ಯಾಯಾಲಯ 1973ರಲ್ಲಿ, ನಾಲ್ವರ ವಿರುದ್ಧ ಐವರ ಬಹುಮತದಿಂದ ತಳ್ಳಿಹಾಕಿತು. ಶಿಕ್ಷಣವು ಅಲ್ಲಿನ ಸಂವಿಧಾನದ ಪ್ರಕಾರ ಮೂಲಭೂತ ಹಕ್ಕಲ್ಲವೆಂಬುದು ಬಹುಮತದ ನಿಲುವು. ನಮ್ಮ ಸಂವಿಧಾನವಾದರೋ 2002ರ ತಿದ್ದುಪಡಿಯ ಮೂಲಕ ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಅದನ್ನು ಮೂಲಭೂತ ಹಕ್ಕನ್ನಾಗಿಯೇ ಕೊಟ್ಟಿದೆ. ನಮ್ಮ ಶಾಲೆಗಳ ಹಣವೂ ಮುಖ್ಯವಾಗಿ ಬೆಂಗಳೂರು, ದೆಹಲಿಗಳ ಬೊಕ್ಕಸದಿಂದಲೇ ಬರತಕ್ಕದ್ದು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ರೇಷ್ಮೆಯ ದರ ಬಿದ್ದರೆ ಅಲ್ಲಿನ ಶಾಲೆಯ ಅನುದಾನ ಕಡಿಮೆಯಾಗುವುದಿಲ್ಲ. ಆದುದರಿಂದ ಊರಿನ ಬಡತನದ ಮೇಲೆ ತಪ್ಪನ್ನು ಹೊರಿಸುವ ಅವಕಾಶ ನಮಗಿಲ್ಲ. ಒಂದೇ ಬೊಕ್ಕಸದಿಂದ ಹೊರಟ ಹಣ ಎರಡು ಊರುಗಳಿಗೆ ಎರಡು ರೀತಿಯಾಗಿ ತಲುಪಿದರೆ, ಹಂಚುವವರೇ ಉತ್ತರ ಕೊಡಬೇಕು.

ಖಾಸಗಿಯವರ ಉದಾರತೆಯನ್ನು ನಾನು ಈ ಲೆಕ್ಕಕ್ಕೆ ಸೇರಿಸುವುದಿಲ್ಲ. ಮುದ್ದೇನಹಳ್ಳಿಯ ಸತ್ಯಸಾಯಿ ಗ್ರಾಮದ ಕ್ರಿಕೆಟ್ ಕ್ರೀಡಾಂಗಣದಲ್ಲಿ 2024ರ ಜನವರಿಯಲ್ಲಿ ಸಚಿನ್ ತೆಂಡೂಲ್ಕರ್, ಯುವರಾಜ್ ಸಿಂಗ್ ಮೊದಲಾದವರು ಬಂದು ಆಡಿದುದನ್ನು ಈ ಸೀಮೆಯ ಜನ ಹೆಮ್ಮೆಯಿಂದ ನೋಡಿದರು. ದಾನಿಗಳು ತಮಗೆ ಇಷ್ಟವಾದ ಕಡೆಯಲ್ಲಿ ಕಟ್ಟಬಹುದು. ಸರ್ಕಾರಕ್ಕೆ ಆ ಸ್ವಾತಂತ್ರ್ಯವಿಲ್ಲ.

ಸಣ್ಣ ಶಾಲೆಗಳನ್ನು ಮುಚ್ಚಿ ದೊಡ್ಡ ಶಾಲೆಯೊಂದಕ್ಕೆ ಸೇರಿಸಿದರೆ ಒಂದೇ ಒಳ್ಳೆಯ ಮೈದಾನ, ಒಬ್ಬರೇ ಒಳ್ಳೆಯ ಶಿಕ್ಷಕರು ಸಾಲುತ್ತಾರಲ್ಲವೆ ಎಂದು ಬಲ್ಲವರು ಕೇಳುತ್ತಾರೆ. ಒಂದನೆಯ ತರಗತಿಯಿಂದ ಹನ್ನೆರಡನೆಯದರವರೆಗೆ ಒಂದೇ ಆವರಣದಲ್ಲಿ ನಡೆಸುವ ಕರ್ನಾಟಕ ಪಬ್ಲಿಕ್ ಶಾಲೆಗಳ ಹಿಂದೆ ಇಂಥ ವಿಚಾರವಿದೆ, ಅದರಲ್ಲಿ ಹುರುಳೂ ಇದೆ. ಪ್ರೌಢಶಾಲೆಯ ಮಟ್ಟದಲ್ಲಿ ನಾನು ಅದನ್ನು ಒಪ್ಪುತ್ತೇನೆ. ಆದರೆ ಆರು ಏಳು ವರ್ಷದ ಮಗುವನ್ನು, ಬಸ್ಸು ದಿನಕ್ಕೆರಡು ಬಾರಿ ಮಾತ್ರ ಬರುವ ಗಡಿಯ ಹಳ್ಳಿಯಿಂದ, ಮನೆಯಲ್ಲಿ ತೆಲುಗಾಡಿ ಶಾಲೆಯಲ್ಲಿ ಕನ್ನಡ ಕಲಿಯುತ್ತಿರುವ ಮಗುವನ್ನು, ಇನ್ನೊಂದೂರಿಗೆ ಕಳುಹಿಸಿ ಎಂದು ಹೇಳಲು ನನ್ನಿಂದಾಗದು. ಕೊಠಾರಿ ಆಯೋಗವು 1966ರ ತನ್ನ ವರದಿಯಲ್ಲಿ ನೆರೆಹೊರೆಯ ಶಾಲೆಯನ್ನು ಎತ್ತಿ ಹಿಡಿದುದು ಮಗುವಿನ ಹತ್ತಿರದಲ್ಲಿಯೇ ಸಮಾನತೆ ಮೊಳೆಯಬೇಕೆಂಬ ಅಭಿಪ್ರಾಯದಿಂದ. ಶಾಲೆಯನ್ನು ಸ್ಥಳಾಂತರಿಸುವುದಕ್ಕಿಂತ ಶಿಕ್ಷಕರನ್ನು ಸಂಚರಿಸುವಂತೆ ಮಾಡುವುದು ಸುಲಭ, ಅಗ್ಗ: ನೆರೆಯ ಕೆಲವು ಶಾಲೆಗಳಿಗೊಬ್ಬರಂತೆ ದೈಹಿಕ ಶಿಕ್ಷಕರು ವಾರದಲ್ಲಿ ದಿನಕ್ಕೊಂದು ಶಾಲೆಯಂತೆ ಸುತ್ತಿದರೆ, 25 ಮಕ್ಕಳ ಶಾಲೆಗೂ ವಾರಕ್ಕೊಮ್ಮೆಯಾದರೂ ಸೀಟಿಯ ಸದ್ದು ಕೇಳಿಸುತ್ತದೆ. ಅದರ ಜೊತೆಗೆ, ಮಕ್ಕಳ ಸಂಖ್ಯೆಯನ್ನು ನೋಡದೆ ಪ್ರತಿಯೊಂದು ಬಯಲಿಗೂ ಅದರ ವಿಸ್ತೀರ್ಣಕ್ಕೆ ತಕ್ಕ ನಿರ್ವಹಣೆಯ ಹಣವನ್ನು ವರ್ಷವರ್ಷವೂ ಕೊಡುವ ಒಂದು ಬಾಬತ್ತು ಆಯವ್ಯಯದಲ್ಲಿ ಬರಬೇಕು. ಪಟ್ಟಣದ ಕ್ರೀಡಾಂಗಣಕ್ಕೆ ಹೊಸ ಗ್ಯಾಲರಿಯ ಮಂಜೂರಾತಿ ಅದರ ಅನಂತರದ ಮಾತು.

ಆದರೆ ಬಯಲು ಶಾಲೆಯದೆಂದು ಕಾಗದದಲ್ಲಿ ಇಲ್ಲದಿದ್ದರೆ ಯಾವ ಬಾಬತ್ತಿನ ಹಣವೂ ಅದಕ್ಕೆ ಸಲ್ಲದು. ಹಿಂದೆ ಊರಿನ ಹಿರಿಯರು ಬಾಯಿಮಾತಿನಲ್ಲಿ ದಾನ ಕೊಟ್ಟ ನೆಲದ ಪಹಣಿ ಅವರ ಹೆಸರಿನಲ್ಲಿಯೇ ಉಳಿದಿರುವುದು, ಬೆಂಗಳೂರಿನ ಗಾಳಿ ಬೀಸಿ ಭೂಮಿಯ ಬೆಲೆ ಏರಿದ ಮೇಲೆ ಮೊಮ್ಮಕ್ಕಳು ಬಂದು ಬೇಲಿ ಹಾಕುವುದು, ಇಲ್ಲವೆ ಪಕ್ಕದ ಹೊಲ ವರ್ಷಕ್ಕೊಂದು ಸಾಲಿನಂತೆ ಒಳಕ್ಕೆ ಸರಿಯುವುದು ನಮ್ಮ ತಾಲ್ಲೂಕುಗಳಲ್ಲಿ ಅಪರೂಪವಲ್ಲ. 2001ರಿಂದ ಪ್ರತಿ ಸರ್ಕಾರಿ ಶಾಲೆಗೂ ಪೋಷಕರನ್ನೊಳಗೊಂಡ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್.ಡಿ.ಎಂ.ಸಿ.) ಇದೆ. ಈ ಸಭೆಯಲ್ಲಿ ಅಂಥ ಸಮಿತಿಗಳ ಸದಸ್ಯರು ಹಲವರಿದ್ದೀರಿ. ತಮ್ಮ ಶಾಲೆಯ ಪಹಣಿಯನ್ನೂ ಖಾತೆಯನ್ನೂ ತೆಗೆಸಿ ನೋಡಿ. ಶಾಲೆಯ ಹೆಸರಿನಲ್ಲಿ ಇಲ್ಲದಿದ್ದರೆ ಸಮಿತಿಯ ನಡಾವಳಿ ಬರೆದು, ಮುಖ್ಯೋಪಾಧ್ಯಾಯರ ಸಹಿಯೊಡನೆ ತಹಶೀಲ್ದಾರರಿಗೂ ಗ್ರಾಮ ಪಂಚಾಯಿತಿಗೂ ಅರ್ಜಿ ಕೊಡಿ. ಸರ್ವೆಯವರು ಬಂದು ಅಳೆದು ಗಡಿಕಲ್ಲು ನೆಡುವ ದಿನ ಊರಿನ ನಾಲ್ಕು ಜನ ಹಿರಿಯರು ಅಲ್ಲಿ ನಿಂತಿರಿ. ಮೇ ತಿಂಗಳ ಕೊನೆಗೆ ಶಾಲೆಗಳು ಮತ್ತೆ ತೆರೆಯುತ್ತವೆ, ಅಷ್ಟರೊಳಗೆ ಅರ್ಜಿಯಾದರೂ ಹೋಗಿರಲಿ.